ಕೋಳಿಮರಿಯ ನೋವು, ಜ್ವರ, ಊತಕ್ಕೆ ಔಷಧ ನಿಜವಾಗಿ ಕೆಲಸ ಮಾಡುತ್ತದೆಯೇ? ಪರೀಕ್ಷಿಸುವ ಕ್ರಮ

ಬೇಸಿಗೆ ಶುರುವಾದರೆ ದಾವಣಗೆರೆ, ಹರಿಹರ, ಜಗಳೂರು, ಹೊಳಲ್ಕೆರೆ ಕಡೆಯ ಕೋಳಿ ಫಾರಂಗಳಲ್ಲಿ ನೀರಿನ ಡ್ರಮ್ಮಿಗೆ ಪ್ಯಾರಾಸಿಟಮಾಲ್ ಬೀಳುವುದು ಹೊಸತೇನಲ್ಲ. ಲಸಿಕೆ ಹಾಕಿದ ಮರುದಿನ ಮರಿ ಮಂಕಾದರೂ ಅದೇ, ಬ್ರಾಯ್ಲರ್ ಕುಂಟಿದರೂ ಅದೇ, ಮಧ್ಯಾಹ್ನದ ಬಿಸಿಲಿಗೆ ಬಾಯಿ ತೆರೆದು ಏದುಸಿರು ಬಿಟ್ಟರೂ ಅದೇ. ಈ ಮೂರೂ ಬೇರೆ ಬೇರೆ ಸಂಗತಿಗಳು. ಒಂದೇ ಔಷಧ ಮೂರಕ್ಕೂ ಆಗುತ್ತದೆಯೋ, ಯಾವುದಕ್ಕೂ ಆಗುವುದಿಲ್ಲವೋ ಎಂಬುದು ಊಹೆಯಿಂದ ತೀರ್ಮಾನವಾಗುವ ಮಾತಲ್ಲ, ಪರೀಕ್ಷೆ ಮಾಡಿಯೇ ತಿಳಿಯಬೇಕು.

ಈ ಲೇಖನ ಮುಖ್ಯವಾಗಿ ದಾವಣಗೆರೆ, ಚಿತ್ರದುರ್ಗ ಎಂಬ ನಮ್ಮ ಎರಡು ಜಿಲ್ಲೆಗಳ ಫಾರ್ಮಸಿ, ಪಶುವೈದ್ಯ ಮತ್ತು ಜೀವವಿಜ್ಞಾನದ ವಿದ್ಯಾರ್ಥಿಗಳಿಗೆ, ಅವರಿಗೆ ಪಾಠ ಹೇಳುವವರಿಗೆ. ಕೋಳಿ ಸಾಕುವವರಿಗೆ ಬೇಕಾದ್ದು ಕೊನೆಯ ಭಾಗದಲ್ಲಿದೆ. ಸೂಜಿ ಚುಚ್ಚಿ ನೋವು ಅಥವಾ ಜ್ವರ ಬರಿಸುವ ಯಾವ ಪ್ರಯೋಗವನ್ನೂ ಫಾರಂನಲ್ಲಿ ಮಾಡುವಂತಿಲ್ಲ. ಅದು ಅನುಮತಿ ಇರುವ ಪ್ರಯೋಗಾಲಯದ ಕೆಲಸ.

ಮೊದಲಿಗೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಮರಿಗಳ ಮೇಲಿನ ಇಂಥ ಪ್ರಯೋಗಗಳು ಹೆಚ್ಚಾಗಿ ಕೆಡುವುದು ಔಷಧದಿಂದಲ್ಲ. ಕೋಣೆಯ ಶಾಖದಿಂದ, ಹಿಡಿಯುವ ಕೈಯಿಂದ, ಮರಿಯನ್ನು ಒಂಟಿಯಾಗಿ ಬಿಡುವುದರಿಂದ ಕೆಡುತ್ತವೆ. ಹಾಗಾಗಿ ಸೂಜಿ ಹಿಡಿಯುವ ಮುಂಚಿನ ಕೆಲಸಕ್ಕೇ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಅನುಮತಿ ಮತ್ತು ಅಗತ್ಯ

ಪ್ರಾಣಿಹಿಂಸೆ ತಡೆ ಕಾಯ್ದೆ 1960, ಅದರಡಿ 1998ರಲ್ಲಿ ಬಂದ ಪ್ರಾಣಿ ಪ್ರಯೋಗ ನಿಯಂತ್ರಣ ನಿಯಮಗಳು, ಇವುಗಳ ಪ್ರಕಾರ ನಿಮ್ಮ ಸಂಸ್ಥೆ ಕೇಂದ್ರದ ನಿಯಂತ್ರಣ ಸಮಿತಿಯಲ್ಲಿ ನೋಂದಣಿಯಾಗಿರಬೇಕು. ಪ್ರಯೋಗದ ಪೂರ್ತಿ ಯೋಜನೆಯನ್ನು ‘ಫಾರಂ ಬಿ’ ಎಂಬ ಅರ್ಜಿ ನಮೂನೆಯಲ್ಲಿ ಬರೆದು ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಮುಂದಿಟ್ಟು, ಒಪ್ಪಿಗೆ ಸಿಕ್ಕ ಮೇಲೆಯೇ ಮರಿ ತರಿಸಬೇಕು. ಕೋಳಿಮರಿ ಅಗ್ಗ, ಪೇಟೆಯಲ್ಲಿ ಸಿಗುತ್ತದೆ ಎಂದ ಮಾತ್ರಕ್ಕೆ ಅದು ಕಾಯ್ದೆಯ ಹೊರಗೆ ಉಳಿಯುವುದಿಲ್ಲ. ಬರೀ ಕೈ ಪಳಗಿಸಿಕೊಳ್ಳಲು ಪ್ರಾಣಿಯ ಮೇಲೆ ಪ್ರಯೋಗ ಮಾಡಬಾರದು ಎಂದು ಆ ಕಾಯ್ದೆಯ 17ನೇ ಕಲಂ ಹೇಳುತ್ತದೆ. ಇಂಜೆಕ್ಷನ್ ಕಲಿಯಲು ಮಾದರಿಗಳಿವೆ, ವಿಡಿಯೋಗಳಿವೆ, ಸತ್ತ ಮರಿಯ ಕಾಲಿದೆ. ಜೀವಂತ ಮರಿಯ ಮೇಲೆ ಮೊದಲ ಪಾಠ ಬೇಡ.

1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ವಿಜ್ಞಾನಿಗಳು ಮೂರು ಸೂತ್ರ ಕೊಟ್ಟರು: ಪ್ರಾಣಿ ಇಲ್ಲದೆ ಆಗುವುದಾದರೆ ಹಾಗೇ ಮಾಡಿ, ಆಗದಿದ್ದರೆ ಕಡಿಮೆ ಪ್ರಾಣಿ ಬಳಸಿ, ಬಳಸಿದ ಪ್ರಾಣಿಗೆ ಕಡಿಮೆ ಸಂಕಟ ಕೊಡಿ. ಅರ್ಜಿ ಬರೆಯುವಾಗ ಈ ಮೂರಕ್ಕೂ ನಿಜವಾದ ಉತ್ತರ ಬರೆಯಿರಿ. ಹಿಂದಿನ ವರ್ಷದ ಅರ್ಜಿಯಿಂದ ನಕಲು ಮಾಡಿದ ಎರಡು ಸಾಲು ಸಾಲದು. ಮರಿ ಎಷ್ಟು ಬಳಲಿದರೆ ಪ್ರಯೋಗದಿಂದ ಹೊರಗೆ ತೆಗೆಯುತ್ತೀರಿ ಎಂಬುದನ್ನೂ ಮೊದಲೇ ಬರೆದಿಡಿ: ನಿಲ್ಲಲಾಗದೆ ಪಕ್ಕಕ್ಕೆ ಒರಗಿದರೆ, ಮುಟ್ಟಿದರೂ ಕಣ್ಣು ತೆರೆಯದಿದ್ದರೆ, ಉಸಿರಿಗೆ ಒದ್ದಾಡಿದರೆ. ಆ ಹೊತ್ತಿಗೆ ಅಂಕಿ ಮುಖ್ಯವಲ್ಲ.

ಮರಿ, ಕೋಣೆ, ಶಾಖ

ಏಳರಿಂದ ಹದಿನಾಲ್ಕು ದಿನದೊಳಗಿನ ಮರಿ ಈ ಕೆಲಸಕ್ಕೆ ಅನುಕೂಲ. ಒಂದು ದಿನದ ಮರಿಯ ಮೈಶಾಖ ಸುಮಾರು 39 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ತನ್ನ ಶಾಖವನ್ನು ತಾನೇ ಹಿಡಿದಿಟ್ಟುಕೊಳ್ಳುವ ಶಕ್ತಿ ಅದಕ್ಕಿನ್ನೂ ಬಂದಿರುವುದಿಲ್ಲ. ಮುಂದಿನ ದಿನಗಳಲ್ಲಿ ಅದು ದೊಡ್ಡ ಕೋಳಿಯ ಮಟ್ಟಕ್ಕೆ, ಅಂದರೆ ಸುಮಾರು 41 ಡಿಗ್ರಿಗೆ ಏರುತ್ತದೆ. ಮನುಷ್ಯರಿಗೆ 41 ಅಂದರೆ ಆಸ್ಪತ್ರೆಗೆ ಓಡುವ ಜ್ವರ, ಕೋಳಿಗೆ ಅದು ನಿತ್ಯದ ಮೈಶಾಖ. ಎಳೆಯ ಮರಿಯಲ್ಲಿ ದಿನದಿಂದ ದಿನಕ್ಕೆ ಈ ಅಂಕಿ ಏರುವುದರಿಂದ ಜ್ವರದ ಪ್ರಯೋಗದಲ್ಲಿ ಎಲ್ಲಾ ಮರಿಗಳೂ ಒಂದೇ ದಿನ ಮೊಟ್ಟೆಯೊಡೆದು ಬಂದವಾಗಿರಲೇಬೇಕು.

ಲೇಯರ್, ಅಂದರೆ ಮೊಟ್ಟೆಗಾಗಿ ಸಾಕುವ ತಳಿಯ ಗಂಡು ಮರಿ ನನಗೆ ಮೆಚ್ಚು. ಬ್ರಾಯ್ಲರ್ ಮರಿ ಮೊದಲ ವಾರದಲ್ಲೇ ನಾಲ್ಕು ಪಟ್ಟು ತೂಗುತ್ತದೆ, ನಿನ್ನೆಯ ತೂಕದ ಮೇಲೆ ಇವತ್ತು ಡೋಸ್ ಹಾಕಿದರೆ ಲೆಕ್ಕ ತಪ್ಪುತ್ತದೆ. ಲೇಯರ್ ಮರಿ ನಿಧಾನವಾಗಿ ಬೆಳೆಯುತ್ತದೆ, ತೂಕದಲ್ಲಿ ಏರುಪೇರೂ ಕಡಿಮೆ. ಯಾವ ತಳಿಯಾದರೂ ಪ್ರಯೋಗದ ದಿನ ಬೆಳಿಗ್ಗೆ ಗ್ರಾಮಿನ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ. ಹ್ಯಾಚರಿಯಲ್ಲಿ ಯಾವ ಲಸಿಕೆ ಹಾಕಿದ್ದಾರೆ, ಯಾವತ್ತು ಎಂದು ಕೇಳಿ ಬರೆದುಕೊಳ್ಳಿ. ಲಸಿಕೆಯೇ ಮೈಶಾಖವನ್ನು ಏರುಪೇರು ಮಾಡಬಲ್ಲದು.

ಮೊದಲ ವಾರ ಬ್ರೂಡರಿನಡಿ, ಅಂದರೆ ಮರಿಗಳಿಗೆ ಶಾಖ ಕೊಡುವ ಸಾಧನದ ಕೆಳಗೆ, 32ರಿಂದ 35 ಡಿಗ್ರಿ, ನಂತರ ವಾರಕ್ಕೆ ಸುಮಾರು ಮೂರು ಡಿಗ್ರಿ ಇಳಿಸುತ್ತಾ ಹೋಗುವುದು ಸಾಕಣೆಯ ರೂಢಿ. ಪರೀಕ್ಷೆ ಮಾಡುವ ಕೋಣೆಯೂ ಮರಿಗಳಿರುವ ಕೋಣೆಯೂ ಒಂದೇ ಶಾಖದಲ್ಲಿರಲಿ. ಚಿತ್ರದುರ್ಗದಲ್ಲಿ ಏಪ್ರಿಲ್ ಮಧ್ಯಾಹ್ನ ಶೀಟಿನ ಮಾಡಿನ ಕೆಳಗೆ ನಿಂತವರಿಗೆ ಗೊತ್ತು, ಹೊರಗೆ 38 ಇದ್ದರೆ ಒಳಗೆ ಅದಕ್ಕಿಂತ ಹೆಚ್ಚು. ಹಾಗಾಗಿ ಬಿಸಿಲು ಏರುವ ಮುನ್ನ, ಬೆಳಿಗ್ಗೆ ಏಳಕ್ಕೆಲ್ಲ ಕೆಲಸ ಶುರು ಮಾಡಿ. ಎಲ್ಲಾ ದಿನವೂ ಅದೇ ಹೊತ್ತಿಗೆ. ಕರೆಂಟ್ ಹೋದಾಗ ಬ್ರೂಡರ್ ತಣ್ಣಗಾಗದಂತೆ ಇನ್ವರ್ಟರ್ ಇರಲಿ. ಕರೆಂಟ್ ಹೋಗಿ ಬಂದ ಹೊತ್ತನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಮರಿ ಬಂದ ಮೇಲೆ ಕನಿಷ್ಠ ಎರಡು ಮೂರು ದಿನ ಸುಮ್ಮನೆ ಕೂತು ನೋಡಿ. ನೋಡುವುದೂ ಪ್ರಯೋಗದ ಭಾಗವೇ. ನೆಮ್ಮದಿಯ ಮರಿ ಮೇವು ಕೆದಕುತ್ತದೆ, ಭತ್ತದ ಹೊಟ್ಟಿನಲ್ಲಿ ಕಾಲು ಚಾಚಿ ಮಲಗುತ್ತದೆ, ಒಮ್ಮೊಮ್ಮೆ ಒಂದೇ ಕಾಲಲ್ಲಿ ನಿಲ್ಲುತ್ತದೆ, ಕಾಲೆತ್ತಿ ಕಿವಿಯ ಹತ್ತಿರ ಕೆರೆದುಕೊಳ್ಳುತ್ತದೆ. ನೋವಿಲ್ಲದೆಯೂ ಮರಿ ಕಾಲೆತ್ತುತ್ತದೆ ಎಂಬುದು ನಿಮಗೆ ಈಗಲೇ ಗೊತ್ತಾದರೆ, ಮುಂದೆ ಫಾರ್ಮಲಿನ್ ಪರೀಕ್ಷೆಯಲ್ಲಿ ಯಾವುದನ್ನು ಎಣಿಸಬೇಕು, ಯಾವುದನ್ನು ಬಿಡಬೇಕು ಎಂಬ ಗೊಂದಲ ಇರುವುದಿಲ್ಲ.

ಇನ್ನೊಂದು, ಮರಿ ಗುಂಪಿನ ಜೀವ. ಒಂಟಿಯಾಗಿ ಪೆಟ್ಟಿಗೆಯಲ್ಲಿಟ್ಟ ತಕ್ಷಣ ದೊಡ್ಡ ದನಿಯಲ್ಲಿ ಕಿಯ್ಞ್ ಕಿಯ್ಞ್ ಎಂದು ಕೂಗಲು ಶುರು ಮಾಡುತ್ತದೆ. ಆ ಕೂಗು ನೋವಿನದಲ್ಲ, ಜೊತೆಗಾರರಿಲ್ಲದ ಭಯದ್ದು. ಭಯವೇ ನೋವಿನ ವರ್ತನೆಯನ್ನು ಬದಲಿಸುತ್ತದೆ. ಪರೀಕ್ಷಾ ಪೆಟ್ಟಿಗೆಯ ಪಕ್ಕದಲ್ಲಿ ಪಾರದರ್ಶಕ ಗೋಡೆಯಾಚೆ ಇನ್ನೊಂದು ಮರಿ ಕಾಣುವಂತಿಡಿ, ಇಲ್ಲವೇ ಪೆಟ್ಟಿಗೆಯ ಒಂದು ಬದಿಗೆ ಕನ್ನಡಿ ಅಂಟಿಸಿ. ದಿನಕ್ಕೆರಡು ಬಾರಿ ಪ್ರತಿ ಮರಿಯನ್ನೂ ಅಂಗೈಯಲ್ಲಿ ಎತ್ತಿ, ಥರ್ಮಾಮೀಟರ್ ಹಿಡಿದು ಇಳಿಸಿ ಅಭ್ಯಾಸ ಮಾಡಿಸಿ.

ಗುಂಪು ಮತ್ತು ಡೋಸ್

ಕನಿಷ್ಠ ನಾಲ್ಕು ಗುಂಪು ಬೇಕು: ಏನನ್ನೂ ಬರಿಸದ, ಬರೀ ಸಲೈನ್ (ಉಪ್ಪುನೀರಿನ ದ್ರಾವಣ) ಪಡೆದ ಮರಿಗಳು, ನೋವು ಅಥವಾ ಜ್ವರ ಬರಿಸಿ ಔಷಧ ಕರಗಿಸುವ ದ್ರಾವಣ ಮಾತ್ರ ಪಡೆದವು, ಕೆಲಸ ಗೊತ್ತಿರುವ ಔಷಧ ಪಡೆದವು, ನಿಮ್ಮ ಹೊಸ ಔಷಧ ಪಡೆದವು. ಹೊಸ ಔಷಧವನ್ನು ಮೂರು ಪ್ರಮಾಣದಲ್ಲಿ ಕೊಡುವುದು ಒಳ್ಳೆಯದು. ಗಿಡಮೂಲಿಕೆಯ ಸಾರ ಪರೀಕ್ಷಿಸುವವರು ಎರಡನೇ ಗುಂಪನ್ನು ಬಿಟ್ಟುಬಿಡುತ್ತಾರೆ, ಬಿಡಬೇಡಿ. ಸಾರ ಕರಗಿಸಲು ಹಾಕಿದ ಆಲ್ಕೋಹಾಲ್ ಮರಿಯನ್ನು ಮಂಪರಾಗಿಸಿದರೆ ಅದು ಸೊಪ್ಪಿನ ಗುಣವಲ್ಲ.

ಗುಂಪಿಗೆ ಆರರಿಂದ ಎಂಟು ಮರಿ ಸಾಮಾನ್ಯ, ಆದರೆ ಸಂಖ್ಯೆಯನ್ನು ಪ್ರಾಥಮಿಕ ಪರೀಕ್ಷೆಯ ಏರುಪೇರು ನೋಡಿ ಸಂಖ್ಯಾಶಾಸ್ತ್ರದವರ ಜೊತೆ ಕೂತು ನಿರ್ಧರಿಸಿ. ಕೈಗೆ ಮೊದಲು ಸಿಕ್ಕ ಮರಿಗಳನ್ನು ಮೊದಲ ಗುಂಪಿಗೆ ಹಾಕಬೇಡಿ. ಸುಲಭವಾಗಿ ಕೈಗೆ ಸಿಗುವುದು ಹೆಚ್ಚಾಗಿ ಮಂಕಾದ ಮರಿ. ತೂಕದ ಪ್ರಕಾರ ಸಾಲು ಮಾಡಿ, ಚೀಟಿ ಎತ್ತಿ ಹಂಚಿ. ಸಿರಿಂಜುಗಳಿಗೆ ಕ, ಖ, ಗ ಎಂದು ಗುರುತು ಹಾಕಿ ಕೊಡುವವರು ಒಬ್ಬರು, ನೋಡಿ ಬರೆಯುವವರು ಇನ್ನೊಬ್ಬರು. ಯಾವ ಅಕ್ಷರ ಯಾವ ಔಷಧ ಎಂಬುದು ಎಣಿಕೆ ಮುಗಿಯುವವರೆಗೆ ಬರೆಯುವವರಿಗೆ ಗೊತ್ತಾಗಬಾರದು.

ಡೋಸಿನ ಲೆಕ್ಕ ಹೀಗೆ. ಮರಿ 120 ಗ್ರಾಂ, ಪ್ರಮಾಣ ಕಿಲೋಗೆ 4 ಮಿಲಿಗ್ರಾಂ, ಕೊಡುವ ದ್ರಾವಣ ಕಿಲೋಗೆ 5 ಮಿಲಿಲೀಟರ್ ಅಂದುಕೊಳ್ಳಿ. ದ್ರಾವಣದ ಬಲ ಮಿಲಿಲೀಟರಿಗೆ 0.8 ಮಿಲಿಗ್ರಾಂ ಆಗಬೇಕು. ಈ ಮರಿಗೆ 0.6 ಮಿಲಿಲೀಟರ್, ಅದರಲ್ಲಿ 0.48 ಮಿಲಿಗ್ರಾಂ ಔಷಧ. ಇಷ್ಟು ಸಣ್ಣ ಪ್ರಮಾಣದಲ್ಲಿ ಸಿರಿಂಜಿನ ಒಂದು ಗೆರೆ ಆಚೀಚೆಯಾದರೂ ಡೋಸ್ ತಪ್ಪುತ್ತದೆ, ಒಂದು ಮಿಲಿಲೀಟರಿನ ಸಿರಿಂಜನ್ನೇ ಬಳಸಿ. ದ್ರಾವಣಕ್ಕೆ ಬೋರ್‌ವೆಲ್ ನೀರು ಬೇಡ. ನಮ್ಮ ಕಡೆಯ ಗಡಸು ನೀರಿನಲ್ಲಿ ಕೆಲವು ಔಷಧ ತಳಕ್ಕೆ ಕೂರುತ್ತವೆ, ಸಿರಿಂಜಿಗೆ ಬರುವುದು ಬರೀ ನೀರು.

ನೋವಿನ ಪರೀಕ್ಷೆ

ಯಾವ ಪರೀಕ್ಷೆ ಎಂಬುದನ್ನು ಔಷಧದ ಜಾತಿ ನೋಡಿ ಆರಿಸಿ. ಬಿಸಿನೀರಿನಂಥ ಥಟ್ಟನೆಯ ನೋವಿನಲ್ಲಿ ನರಮಂಡಲದ ಮೇಲೆ ಕೆಲಸ ಮಾಡುವ ಔಷಧಗಳು, ಉದಾಹರಣೆಗೆ ಕ್ಸೈಲಜಿನ್, ಚೆನ್ನಾಗಿ ಕಾಣಿಸಿಕೊಳ್ಳುತ್ತವೆ. ಮೆಲಾಕ್ಸಿಕಾಂ, ಕೀಟೋಪ್ರೊಫೆನ್, ಸ್ಯಾಲಿಸಿಲೇಟಿನಂಥವು ಉರಿಯೂತದಿಂದ ಹುಟ್ಟುವ ನೋವನ್ನು ತಗ್ಗಿಸುವುದರಿಂದ ಬಿಸಿನೀರಿನಲ್ಲಿ ಏನೂ ತೋರಿಸದೆ ಹೋಗಬಹುದು. ಅಲ್ಲಿ ಫಲ ಕಾಣಲಿಲ್ಲ ಎಂದು ಮೆಲಾಕ್ಸಿಕಾಂ ನೋವು ನಿವಾರಕವೇ ಅಲ್ಲ ಎಂದು ಬರೆದರೆ ತಪ್ಪು ಪರೀಕ್ಷೆಯದು.

ಮರಿಯ ಪಾದವನ್ನು ಅದ್ದುವ ಬಿಸಿನೀರಿನ ಪರೀಕ್ಷೆಯಲ್ಲಿ ನೀರಿನ ಶಾಖವನ್ನು ಆರೋಗ್ಯವಂತ ಮರಿ ಮೂರರಿಂದ ಐದು ಸೆಕೆಂಡಿನಲ್ಲಿ ಪಾದ ಹಿಂದಕ್ಕೆಳೆಯುವಷ್ಟಕ್ಕೆ ಹೊಂದಿಸಿ. ಥರ್ಮೋಸ್ಟಾಟ್ ಇರುವ ತೊಟ್ಟಿಯೇ ಬೇಕು, ಲೋಟದ ನೀರು ನಿಮಿಷದಲ್ಲೇ ಆರುತ್ತದೆ. ಔಷಧಕ್ಕೆ ಮೊದಲು ಒಮ್ಮೆ ಅಳೆಯಿರಿ, ಔಷಧ ಕೊಟ್ಟು ನಿಗದಿತ ಹೊತ್ತಾದ ಮೇಲೆ ಮತ್ತೊಮ್ಮೆ. ಮೊದಲಿನ ಸಮಯದ ಮೂರು ಪಟ್ಟಾದರೂ ಮರಿ ಕಾಲು ತೆಗೆಯದಿದ್ದರೆ ನೀವೇ ತೆಗೆಯಿರಿ. ಇಲ್ಲದಿದ್ದರೆ ಪಾದ ಬೇಯುತ್ತದೆ.

ಎಷ್ಟು ಪ್ರಮಾಣದಲ್ಲಿ ಅರ್ಧದಷ್ಟು ಮರಿಗಳಿಗೆ ಫಲ ಕೊಡುತ್ತದೆ ಎಂಬುದನ್ನು ಕಂಡುಹಿಡಿಯಲು ಸಂಖ್ಯಾಶಾಸ್ತ್ರಜ್ಞ ಡಿಕ್ಸನ್ನರ ಏರಿಳಿತದ ವಿಧಾನ ಇದೆ. ಹತ್ತಾರು ಮರಿ ಬೇಡ, ಐದಾರು ಸಾಕು. ಮೊದಲ ಮರಿಗೆ ಒಂದು ಪ್ರಮಾಣ ಕೊಡಿ. ಕಾಲು ತೆಗೆಯುವ ಸಮಯ ದುಪ್ಪಟ್ಟಾದರೆ ‘ಹೌದು’, ಇಲ್ಲದಿದ್ದರೆ ‘ಇಲ್ಲ’. ಹೌದಾದರೆ ಮುಂದಿನ ಮರಿಗೆ ಒಂದು ಮೆಟ್ಟಿಲು ಇಳಿಸಿ, ಇಲ್ಲವಾದರೆ ಒಂದು ಮೆಟ್ಟಿಲು ಏರಿಸಿ. ಉತ್ತರ ಮೊದಲ ಬಾರಿ ಬದಲಾದ ಮೇಲೆ ಇನ್ನೂ ಮೂರು ಮರಿ. ಲೆಕ್ಕಕ್ಕೊಂದು ಉದಾಹರಣೆ ಕೊಡುತ್ತೇನೆ: 8 ಮಿಲಿಗ್ರಾಂ ಹೌದು, 6 ಇಲ್ಲ, 8 ಹೌದು, 6 ಹೌದು, 4 ಇಲ್ಲ. ಕೊನೆಯ ಪ್ರಮಾಣ 4, ಮೆಟ್ಟಿಲಿನ ಅಂತರ 2. ಹೌದು ಇಲ್ಲಗಳ ಸಾಲಿಗೆ ತಕ್ಕ ಗುಣಕವನ್ನು ಡಿಕ್ಸನ್ ಕೋಷ್ಟಕದಲ್ಲಿ ನೋಡಿ, ಅಂತರಕ್ಕೆ ಗುಣಿಸಿ, ಕೊನೆಯ ಪ್ರಮಾಣಕ್ಕೆ ಕೂಡಿಸಿದರೆ ಅರ್ಧ ಫಲದ ಪ್ರಮಾಣ ಸಿಗುತ್ತದೆ. ಈ ಉದಾಹರಣೆಯಲ್ಲಿ ಅದು 6ರ ಆಸುಪಾಸು ಬರುತ್ತದೆ. ಒಂದು ಮರಿಯಿಂದ ಇನ್ನೊಂದಕ್ಕೆ ಹೋಗುವ ಮುನ್ನ ಹಿಂದಿನದರ ಉತ್ತರ ಪಕ್ಕಾ ಆಗಿರಬೇಕಾದ್ದರಿಂದ ಅವಸರ ಮಾಡುವಂತಿಲ್ಲ.

ಉರಿಯೂತದ ನೋವಿಗೆ ಫಾರ್ಮಲಿನ್ ಪರೀಕ್ಷೆ. ಮರಿಯ ಬಲಪಾದದ ಅಡಿಗೆ 0.05 ಮಿಲಿಲೀಟರಿನಷ್ಟು, 0.1 ಶೇಕಡಾ ಫಾರ್ಮಾಲ್ಡಿಹೈಡ್ ದ್ರಾವಣವನ್ನು ಇನ್ಸುಲಿನ್ ಸೂಜಿಯಿಂದ ಚರ್ಮದ ಕೆಳಗೆ ಕೊಡುತ್ತಾರೆ. ಇಲ್ಲೊಂದು ಎಚ್ಚರಿಕೆ ಬೇಕು. ಅಂಗಡಿಯಲ್ಲಿ ಸಿಗುವ ಫಾರ್ಮಲಿನ್ ಬಾಟಲಿಯಲ್ಲಿ ಫಾರ್ಮಾಲ್ಡಿಹೈಡ್ ಇರುವುದು ಸುಮಾರು 37 ಶೇಕಡಾ. ಒಂದು ಶೇಕಡಾ ಫಾರ್ಮಲಿನ್ ಬೇರೆ, ಒಂದು ಶೇಕಡಾ ಫಾರ್ಮಾಲ್ಡಿಹೈಡ್ ಬೇರೆ, ಎರಡನೆಯದು ಸುಮಾರು ಮೂರು ಪಟ್ಟು ಖಾರ. 0.1 ಶೇಕಡಾ ಬೇಕಾದರೆ ಬಾಟಲಿಯಿಂದ 0.27 ಮಿಲಿಲೀಟರ್ ತೆಗೆದು ಸಲೈನ್ ಸೇರಿಸಿ 100 ಮಿಲಿಲೀಟರ್ ಮಾಡಿ. ಗ್ಲೌಸ್, ಹೊಗೆ ಎಳೆಯುವ ಹುಡ್ ಇಲ್ಲದೆ ಆ ಬಾಟಲಿ ತೆರೆಯಬೇಡಿ, ಅದರ ಆವಿ ಕ್ಯಾನ್ಸರ್‌ಕಾರಕ.

ಚುಚ್ಚಿದ ಕ್ಷಣದಿಂದ ಸ್ಟಾಪ್‌ವಾಚ್ ಓಡಲಿ. ಎರಡು ಅಂಕಿ ಬರೆಯಬೇಕು: ಮರಿ ಮೊದಲ ಬಾರಿ ಆ ಕಾಲನ್ನು ನೆಲದಿಂದೆತ್ತಲು ಎಷ್ಟು ಸೆಕೆಂಡಾಯಿತು, ಮೂರು ನಿಮಿಷದಲ್ಲಿ ಎಷ್ಟು ಬಾರಿ ಎತ್ತಿತು. ಹತ್ತಿರ ಕೂತು ನೋಡಿದರೆ ನೋವಿನ ಎತ್ತುವಿಕೆ ಬೇರೆಯಾಗಿಯೇ ಕಾಣುತ್ತದೆ. ಮರಿ ಬೆರಳುಗಳನ್ನು ಮಡಚಿ ಪಾದವನ್ನು ಹೊಟ್ಟೆಯ ಗರಿಯೊಳಗೆ ಥಟ್ಟನೆ ಸೇದಿಕೊಳ್ಳುತ್ತದೆ, ಇಳಿಸುವಾಗ ಬೆರಳ ತುದಿಯನ್ನಷ್ಟೇ ನೆಲಕ್ಕೆ ತಾಗಿಸಿ ಮತ್ತೆ ಎತ್ತುತ್ತದೆ. ಸುಮ್ಮನೆ ಒಂಟಿಕಾಲಲ್ಲಿ ನಿಂತ ಮರಿಯ ಕಾಲು ಸಡಿಲವಾಗಿರುತ್ತದೆ, ಕಣ್ಣು ಅರೆಮುಚ್ಚಿರುತ್ತದೆ. ವಿಡಿಯೋ ಮಾಡಿ, ಗುಂಪು ಗೊತ್ತಿಲ್ಲದ ಇಬ್ಬರು ಬೇರೆ ಬೇರೆ ಎಣಿಸಿ ತಾಳೆ ಹಾಕಲಿ. ಇಲಿಗಳಲ್ಲಿ ಈ ನೋವು ಎರಡು ಹಂತದಲ್ಲಿ ಬರುತ್ತದೆ, ಉರಿಯೂತ ನಿವಾರಕಗಳು ಕೆಲಸ ಮಾಡುವುದು ಮುಖ್ಯವಾಗಿ ಎರಡನೆಯದರಲ್ಲಿ. ಅದಕ್ಕಾಗಿ ಮೂರು ನಿಮಿಷಕ್ಕೇ ಕ್ಯಾಮೆರಾ ನಿಲ್ಲಿಸದೆ ಅರ್ಧ ಗಂಟೆ ಓಡಲು ಬಿಡಿ.

ಮಂಪರಾದ ಮರಿಯೂ ಕಾಲೆತ್ತುವುದಿಲ್ಲ. ಔಷಧ ನೋವನ್ನು ತೆಗೆಯಿತೋ, ಮರಿಯನ್ನೇ ಮಲಗಿಸಿತೋ? ಇದನ್ನು ಬೇರ್ಪಡಿಸದ ನೋವಿನ ಪ್ರಯೋಗವನ್ನು ನಾನು ಒಪ್ಪುವುದಿಲ್ಲ. ಅದೇ ಪ್ರಮಾಣವನ್ನು ನೋವು ಬರಿಸದ ಬೇರೆ ಮರಿಗಳಿಗೆ ಕೊಟ್ಟು ನೋಡಿ: ಚೌಕ ಗೆರೆ ಎಳೆದ ಪೆಟ್ಟಿಗೆಯಲ್ಲಿ ಐದು ನಿಮಿಷಕ್ಕೆ ಎಷ್ಟು ಚೌಕ ದಾಟಿತು, ರೆಕ್ಕೆ ಜೋತುಬಿದ್ದಿದೆಯೇ, ಬೆನ್ನ ಮೇಲೆ ಮಲಗಿಸಿದರೆ ಎಷ್ಟು ಬೇಗ ಎದ್ದಿತು. ನಡಿಗೆ ಸರಿಯಿದ್ದು ಕಾಲೆತ್ತುವುದು ಮಾತ್ರ ಕಡಿಮೆಯಾಗಿದ್ದರೆ ನೋವು ತಗ್ಗಿದೆ ಎನ್ನಲು ಆಧಾರ ಸಿಕ್ಕಿತು.

ಮೆಣಸಿನಕಾಯಿಯ ಖಾರಾಂಶ ಕ್ಯಾಪ್ಸೈಸಿನ್ ಇಲಿಗಳ ನೋವಿನ ಪ್ರಯೋಗದಲ್ಲಿ ಬಳಕೆಯಲ್ಲಿದೆ. ಕೋಳಿಗೆ ಅದನ್ನು ಬಳಸಬೇಡಿ. ಖಾರವನ್ನು ಗುರುತಿಸುವ ಗ್ರಾಹಕ ಕೋಳಿಯಲ್ಲೂ ಇದೆ, ಶಾಖಕ್ಕೆ ಸ್ಪಂದಿಸುತ್ತದೆ, ಆದರೆ ಕ್ಯಾಪ್ಸೈಸಿನ್‌ಗೆ ಸ್ಪಂದಿಸುವುದಿಲ್ಲ ಎಂದು 2002ರಲ್ಲಿ ಜೋರ್ಡ್ಟ್ ಮತ್ತು ಜೂಲಿಯಸ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. ಹಿತ್ತಲಿನ ಮೆಣಸಿನ ಗಿಡಕ್ಕೆ ಬರುವ ಹಕ್ಕಿಗಳು ಹಣ್ಣನ್ನು ನಿರಾಯಾಸವಾಗಿ ನುಂಗುವುದಕ್ಕೂ ಇದೇ ಕಾರಣ.

ಜ್ವರದ ಪರೀಕ್ಷೆ

ನಮ್ಮ ಜಿಲ್ಲೆಗಳವರು ಹೆಚ್ಚು ಗಮನ ಕೊಡಬೇಕಾದ್ದು ಇದಕ್ಕೆ. ಜ್ವರ ಬೇರೆ, ಬಿಸಿಲಿನ ತಾಪ ಬೇರೆ. ಸೋಂಕು ತಗಲಿದಾಗ ಮೈಯಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹುಟ್ಟಿ, ಮಿದುಳು ತಾನಾಗಿಯೇ ಮೈಶಾಖದ ಗುರಿಯನ್ನು ಮೇಲಕ್ಕೇರಿಸುತ್ತದೆ. ಪ್ಯಾರಾಸಿಟಮಾಲ್, ಮೆಲಾಕ್ಸಿಕಾಂ ತರಹದವು ಪ್ರೋಸ್ಟಗ್ಲಾಂಡಿನ್ ತಯಾರಿಯನ್ನು ತಡೆದು ಆ ಗುರಿಯನ್ನು ಮತ್ತೆ ಕೆಳಗಿಳಿಸುತ್ತವೆ. ಬಿಸಿಲಿನ ತಾಪದಲ್ಲಿ ಗುರಿ ಏರಿರುವುದಿಲ್ಲ, ಹೊರಗಿನ ಶಾಖ ಒಳಗೆ ಸೇರಿ ಹೊರಹೋಗಲಾಗದೆ ಉಳಿದಿರುತ್ತದೆ. ಇಳಿಸಬೇಕಾದ ಗುರಿಯೇ ಇಲ್ಲದಿರುವಾಗ ಈ ಔಷಧಗಳಿಗೆ ಅಲ್ಲಿ ಮಾಡುವ ಕೆಲಸವಿಲ್ಲ. ಏಪ್ರಿಲ್ ತಿಂಗಳಲ್ಲಿ ತಾಪಕ್ಕೆ ಸಿಕ್ಕ ಮರಿಗಳ ಮೇಲೆ ಜ್ವರದ ಔಷಧ ಪರೀಕ್ಷಿಸಿದರೆ ಒಳ್ಳೆಯ ಔಷಧವೂ ಫೇಲಾಗುತ್ತದೆ.

ಎರಡನ್ನೂ ಕಣ್ಣಲ್ಲೇ ಬೇರ್ಪಡಿಸಬಹುದು. ಜ್ವರ ಏರುತ್ತಿರುವ ಮರಿಗೆ ಚಳಿ. ಗರಿ ಉಬ್ಬಿಸಿ, ಕುತ್ತಿಗೆ ಒಳಗೆಳೆದು, ಬಲ್ಬಿನ ಕೆಳಗೆ ಜೊತೆಯವುಗಳಿಗೆ ಒತ್ತಿಕೊಂಡು ಕೂರುತ್ತದೆ. ತಾಪದ ಮರಿ ಬಲ್ಬಿನಿಂದ ದೂರ ಓಡುತ್ತದೆ, ಗರಿ ಮೈಗಂಟಿಸಿ, ರೆಕ್ಕೆಗಳನ್ನು ಮೈಯಿಂದ ಬಿಡಿಸಿ, ಕೊಕ್ಕು ತೆರೆದು ಗಂಟಲು ಅದುರಿಸುತ್ತದೆ. ಎರಡರ ಥರ್ಮಾಮೀಟರ್ ಅಂಕಿ ಒಂದೇ ಇರಬಹುದು.

ಪ್ರಯೋಗದಲ್ಲಿ ಜ್ವರ ಬರಿಸಲು ಯೀಸ್ಟ್ ದ್ರಾವಣ ಅಥವಾ ಇ. ಕೋಲೈ ಬ್ಯಾಕ್ಟೀರಿಯಾದ ಹೊರಪದರದ ಅಂಶ ಬಳಸುತ್ತಾರೆ. ಇಲಿಗೆ 20 ಶೇಕಡಾ ಯೀಸ್ಟನ್ನು ಕಿಲೋಗೆ 10 ಮಿಲಿಲೀಟರ್ ಚರ್ಮದಡಿ ಕೊಟ್ಟು 18 ಗಂಟೆ ಕಾಯುವ ಪದ್ಧತಿ ಪಠ್ಯಗಳಲ್ಲಿದೆ. ಅದನ್ನು ಹಾಗೇ ಮರಿಗೆ ತರಬೇಡಿ. ಮೂರು ನಾಲ್ಕು ಮರಿಗಳಲ್ಲಿ ಸಣ್ಣ ಪ್ರಮಾಣದಿಂದ ಶುರು ಮಾಡಿ, ಗಂಟೆಗೊಮ್ಮೆ ಅಳೆದು, ಯಾವಾಗ ಏರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂಬ ನಕ್ಷೆ ಮೊದಲು ಪಡೆಯಿರಿ. ಕೋಣೆ ತಣ್ಣಗಿದ್ದರೆ ಎಳೆಯ ಮರಿಯ ಮೈಶಾಖ ಏರುವ ಬದಲು ಮೊದಲು ಇಳಿಯುವುದೂ ಉಂಟು.

ಅಳೆಯುವ ಸಾಧನದ ಬಗ್ಗೆ ಒಂದು ಮಾತು. ಮನೆಯಲ್ಲಿರುವ ಹಳೆಯ ಪಾದರಸದ ಜ್ವರಮಾಪಕ 42 ಡಿಗ್ರಿಗೆ ಮುಗಿಯುತ್ತದೆ. ಜ್ವರದ ಮರಿ ಅದನ್ನು ದಾಟಬಹುದು. 45ರವರೆಗೆ ಓದುವ, ತೆಳುವಾದ, ಬಾಗುವ ತುದಿಯ ಡಿಜಿಟಲ್ ಪ್ರೋಬ್ ತೆಗೆದುಕೊಳ್ಳಿ. ತುದಿಗೆ ವ್ಯಾಸಲೀನ್ ಹಚ್ಚಿ, ಎಲ್ಲಾ ಮರಿಗೂ ಒಂದೇ ಆಳಕ್ಕೆ ಗುದದ್ವಾರದಲ್ಲಿ ಇಳಿಸಿ. ಆಳಕ್ಕೆ ಪ್ರೋಬಿನ ಮೇಲೆ ಟೇಪಿನ ಗುರುತು ಹಾಕಿಟ್ಟರೆ ಸಾಕು. ಅಂಕಿ ನಿಂತ ಮೇಲೆ ಓದಿ. ಮರಿಯನ್ನು ಅಟ್ಟಿಸಿಕೊಂಡು ಹಿಡಿದರೆ ಆ ಗಾಬರಿಗೇ ಮೈಶಾಖ ಏರುತ್ತದೆ. ಅಭ್ಯಾಸ ಮಾಡಿಸಿ ಎಂದು ಮೇಲೆ ಹೇಳಿದ್ದು ಇದಕ್ಕೇ.

ಜ್ವರ ಏರಿದ್ದು ಖಚಿತವಾದ ಮೇಲೆ ಔಷಧ ಕೊಡಿ. ನಂತರ ಅರ್ಧ ಗಂಟೆ, ಒಂದು, ಎರಡು, ಮೂರು, ನಾಲ್ಕು ಗಂಟೆಗೆ ಅಳೆಯಿರಿ. ಜ್ವರವೇ ಇಲ್ಲದ ಇನ್ನೊಂದು ಗುಂಪಿಗೂ ಅದೇ ಔಷಧ ಕೊಟ್ಟಿರಬೇಕು. ಅವುಗಳ ಸಹಜ 41 ಡಿಗ್ರಿಯೂ ಇಳಿದುಹೋದರೆ ನಿಮ್ಮ ಔಷಧ ಜ್ವರ ನಿವಾರಕವಲ್ಲ, ಮೈ ತಣ್ಣಗೆ ಮಾಡುವ ವಸ್ತು. ಬ್ರೂಡರಿನಲ್ಲಿ ಅದು ಅಪಾಯ.

ಊತದ ಪರೀಕ್ಷೆ

ಕ್ಯಾರಗೀನನ್ ಎಂಬುದು ಸಮುದ್ರದ ಪಾಚಿಯಿಂದ ತೆಗೆದ ವಸ್ತು. 1962ರಿಂದ ಇಲಿಗಳ ಪಾದದಲ್ಲಿ ಊತ ಬರಿಸಲು ಬಳಕೆಯಲ್ಲಿದೆ, ಮರಿಗಳಲ್ಲೂ ಊತ ಬರಿಸುತ್ತದೆ. ಒಂದು ಶೇಕಡಾ ದ್ರಾವಣವನ್ನು ಹಿಂದಿನ ದಿನವೇ ಕಲಸಿ ನೆನೆಯಲು ಬಿಡಿ, ಗಂಟು ಉಳಿದರೆ ಸೂಜಿ ಕಟ್ಟಿಕೊಳ್ಳುತ್ತದೆ. ಒಂದು ಪಾದಕ್ಕೆ ಕ್ಯಾರಗೀನನ್, ಇನ್ನೊಂದಕ್ಕೆ ಅಷ್ಟೇ ಸಲೈನ್. ಪಾದದ ದಪ್ಪವನ್ನು ಡಿಜಿಟಲ್ ಕ್ಯಾಲಿಪರ್‌ನಿಂದ ಚುಚ್ಚುವ ಮೊದಲು ಮತ್ತು ಪ್ರತಿ ಗಂಟೆಗೆ ಅಳೆಯಿರಿ. ಅಳೆಯುವ ಜಾಗಕ್ಕೆ ಪೆನ್ನಿನಿಂದ ಚುಕ್ಕೆ ಇಡಿ, ಅಳೆಯುವವರು ಒಬ್ಬರೇ ಇರಲಿ, ಕ್ಯಾಲಿಪರ್ ಚರ್ಮಕ್ಕೆ ತಾಗಬೇಕು, ಒತ್ತಬಾರದು. ದ್ರಾವಣ ಮಾತ್ರ ಪಡೆದ ಗುಂಪಿನಲ್ಲಿ ಊತ 1.2 ಮಿಲಿಮೀಟರ್, ಔಷಧದ ಗುಂಪಿನಲ್ಲಿ 0.7 ಎಂದಾದರೆ, ತಗ್ಗಿದ್ದು 0.5, ಅಂದರೆ ಸುಮಾರು 42 ಶೇಕಡಾ.

ಸೂಕ್ಷ್ಮದರ್ಶಕದಲ್ಲಿ ನೋಡುವವರಿಗೆ ಒಂದು ವಿಷಯ. ಕೋಳಿಯಲ್ಲಿ ನ್ಯೂಟ್ರೋಫಿಲ್ ಇಲ್ಲ, ಅದರ ಜಾಗದಲ್ಲಿ ಹೆಟರೋಫಿಲ್ ಎಂಬ ಬಿಳಿ ರಕ್ತಕಣ ಇದೆ. ಕೋಳಿಯ ಕೀವು ನೀರಾಗಿ ಹರಿಯದೆ ಪನೀರಿನಂತೆ ಗಟ್ಟಿಯಾಗುವುದಕ್ಕೆ ಅದು ಒಂದು ಕಾರಣ. ಇಲಿಯ ಚಿತ್ರ ನೋಡಿ ಕೋಳಿಯ ಅಂಗಾಂಶ ಓದಬೇಡಿ.

ಮೂತ್ರಪಿಂಡ, ರಣಹದ್ದು

ಉರಿಯೂತ ನಿವಾರಕಗಳು ಹಕ್ಕಿಗಳ ಮೂತ್ರಪಿಂಡಕ್ಕೆ ಕಷ್ಟ ಕೊಡಬಲ್ಲವು. ಡೈಕ್ಲೋಫೆನಾಕ್ ಕೊಟ್ಟ ದನಗಳ ಹೆಣ ತಿಂದು ರಣಹದ್ದುಗಳು ಸತ್ತು, ಅವುಗಳ ಸಂತತಿಯೇ ಕುಸಿದದ್ದರಿಂದ 2006ರಲ್ಲಿ ಭಾರತ ಅದರ ಪಶುವೈದ್ಯಕೀಯ ಬಳಕೆಯನ್ನು ನಿಲ್ಲಿಸಿತು. ಕೀಟೋಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ ಕೂಡ 2023ರಲ್ಲಿ ನಿಷೇಧದ ಪಟ್ಟಿ ಸೇರಿದವು. ಮೆಲಾಕ್ಸಿಕಾಂ ರಣಹದ್ದುಗಳಿಗೆ ಸುರಕ್ಷಿತ ಎಂದು ಪರೀಕ್ಷೆಗಳಲ್ಲಿ ಕಂಡಿದೆ, ಹೋಲಿಕೆಯ ಔಷಧವಾಗಿ ಅದನ್ನೇ ಆರಿಸಲು ಇದೂ ಒಂದು ಕಾರಣ. ಪ್ರಯೋಗದ ಕೊನೆಗೆ ಒಪ್ಪಿಗೆ ಸಿಕ್ಕ ವಿಧಾನದಲ್ಲಿ ಮರಿಗಳಿಗೆ ನೋವಿಲ್ಲದ ಸಾವು ಕೊಟ್ಟು, ಹೊಟ್ಟೆ ತೆರೆದು ನೋಡಿ. ಹೃದಯ, ಲಿವರ್, ಮೂತ್ರಪಿಂಡದ ಮೇಲೆ ಸುಣ್ಣದ ಪುಡಿ ಉದುರಿಸಿದಂತೆ ಬಿಳಿ ಪದರ ಕಂಡರೆ ಅದು ಯೂರಿಕ್ ಆಮ್ಲ, ಗೌಟ್ ಎಂಬ ರೋಗದ ಗುರುತು. ನೋವು ಎಷ್ಟೇ ತಗ್ಗಿಸಿದ್ದರೂ ಆ ಪ್ರಮಾಣ ಬಳಕೆಗೆ ಯೋಗ್ಯವಲ್ಲ.

ಸತ್ತ ಮರಿಗಳನ್ನು ಹದ್ದು, ನಾಯಿ ತಿನ್ನುವಂತೆ ಎಸೆಯಬೇಡಿ. ಸಂಸ್ಥೆಯ ಜೈವಿಕ ತ್ಯಾಜ್ಯದ ವ್ಯವಸ್ಥೆಯಲ್ಲಿ ಸುಡಿಸಿ. ಬದುಕುಳಿದವನ್ನು ಯಾರ ಅಡುಗೆಮನೆಗೂ ಕಳಿಸುವಂತಿಲ್ಲ.

ವರದಿಯಲ್ಲಿ ಏನಿರಬೇಕು

ಕಾಲೆತ್ತಿದ ಸಂಖ್ಯೆ ಎಣಿಕೆಯ ಅಂಕಿ, ಸರಾಸರಿಗೆ ಸುಲಭವಾಗಿ ಬಗ್ಗುವುದಿಲ್ಲ. ಅದಕ್ಕೆ ಕ್ರುಸ್ಕಲ್–ವಾಲಿಸ್ ಅಥವಾ ಮನ್–ವಿಟ್ನಿ ಎಂಬ ಸಂಖ್ಯಾಶಾಸ್ತ್ರದ ಪರೀಕ್ಷೆ ಹೊಂದುತ್ತದೆ. ಒಂದೇ ಮರಿಯನ್ನು ಗಂಟೆಗೊಮ್ಮೆ ಅಳೆದ ಜ್ವರದ ಅಂಕಿಗಳನ್ನು ಬೇರೆ ಬೇರೆ ಮರಿಗಳ ಅಂಕಿಯಂತೆ ಲೆಕ್ಕ ಹಾಕಬೇಡಿ. ಪುನರಾವರ್ತಿತ ಅಳತೆಗೆ ತಕ್ಕ ವಿಶ್ಲೇಷಣೆಯೇ ಬೇಕು. ಪ್ರಯೋಗದಿಂದ ಹೊರತೆಗೆದ ಮರಿ, ಸತ್ತ ಮರಿ, ಕರೆಂಟ್ ಹೋದ ದಿನ, ಎಲ್ಲವೂ ವರದಿಯಲ್ಲಿರಲಿ. ಫಲ ಕೊಡದ ಔಷಧದ ವರದಿಯನ್ನೂ ಪ್ರಕಟಿಸಿ, ಇಲ್ಲದಿದ್ದರೆ ಪಕ್ಕದೂರಿನ ಕಾಲೇಜಿನವರು ಅದೇ ಔಷಧಕ್ಕೆ ಮತ್ತೆ ಅಷ್ಟೇ ಮರಿಗಳನ್ನು ಚುಚ್ಚುತ್ತಾರೆ.

ಫಾರಂ ಇರುವವರು ಏನು ಮಾಡಬಹುದು

ಸೂಜಿ ಇಲ್ಲದೆ, ಪಶುವೈದ್ಯರ ಜೊತೆ ಸೇರಿ, ನೋಡಿ ತಿಳಿಯುವುದು ಬಹಳ ಇದೆ. ಕುಂಟುವ ಬ್ರಾಯ್ಲರ್‌ಗಳ ಮುಂದೆ ಎರಡು ಬಗೆಯ ಮೇವು ಇಟ್ಟಾಗ ಅವು ಕಾರ್ಪ್ರೊಫೆನ್ ಎಂಬ ನೋವು ನಿವಾರಕ ಬೆರೆಸಿದ ಮೇವನ್ನು ಆರೋಗ್ಯವಂತ ಕೋಳಿಗಳಿಗಿಂತ ಹೆಚ್ಚು ತಿಂದವು, ಕುಂಟು ಹೆಚ್ಚಾದಷ್ಟೂ ಹೆಚ್ಚು ತಿಂದವು ಎಂದು 2000ದಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕೋಳಿಗೆ ನೋವಾಗುತ್ತದೆ, ಅದನ್ನು ಅದು ತನ್ನ ರೀತಿಯಲ್ಲಿ ಹೇಳುತ್ತದೆ. ನಡಿಗೆಗೆ ಸೊನ್ನೆಯಿಂದ ಐದರವರೆಗೆ ಅಂಕ ಕೊಡುವ ಪದ್ಧತಿ ಇದೆ: ಸೊನ್ನೆ ಅಂದರೆ ಸಲೀಸು ನಡಿಗೆ, ಐದು ಅಂದರೆ ಏಳಲಾಗದ ಸ್ಥಿತಿ. ವೈದ್ಯರು ಔಷಧ ಬರೆದುಕೊಟ್ಟಾಗ ಕೊಡುವ ಮೊದಲು ಮತ್ತು ಮೂರು ದಿನದ ನಂತರ ಗುರುತು ಹಾಕಿದ ಕೋಳಿಗಳಿಗೆ ಅಂಕ ಕೊಡಿ. ಸಾಧ್ಯವಾದರೆ ಶೆಡ್ಡನ್ನು ಜಾಲರಿಯಿಂದ ಎರಡು ಮಾಡಿ, ವೈದ್ಯರ ಒಪ್ಪಿಗೆಯ ಮೇಲೆ ಒಂದು ಭಾಗಕ್ಕೆ ಈಗ, ಇನ್ನೊಂದಕ್ಕೆ ಎರಡು ದಿನ ತಡವಾಗಿ ಕೊಟ್ಟು ಹೋಲಿಸಿ.

ನೀರಿನಲ್ಲಿ ಔಷಧ ಕೊಡುವಾಗ ಬೇಸಿಗೆಯಲ್ಲಿ ವಿಶೇಷ ಎಚ್ಚರಿಕೆ ಬೇಕು. ಕೋಳಿ ಸಾಮಾನ್ಯವಾಗಿ ತಿಂದ ಮೇವಿನ ತೂಕದ ಸುಮಾರು ಎರಡರಷ್ಟು ನೀರು ಕುಡಿಯುತ್ತದೆ, ಬಿಸಿಲಿಗೆ ಅದು ಇನ್ನೂ ಏರುತ್ತದೆ. ಡ್ರಮ್ಮಿಗೆ ಹಾಕಿದ ಪ್ರಮಾಣ ಅದೇ ಇದ್ದರೂ ಕುಡಿದ ನೀರು ದುಪ್ಪಟ್ಟಾದರೆ ಹೊಟ್ಟೆಗೆ ಹೋದ ಔಷಧವೂ ದುಪ್ಪಟ್ಟು, ಗೌಟಿನ ಭಯವೂ ಹೆಚ್ಚು. ಔಷಧದ ಡೋಸನ್ನು ಲೀಟರಿನ ಮೇಲೆ ಹಾಕಬೇಡಿ, ಶೆಡ್ಡಿನಲ್ಲಿರುವ ಒಟ್ಟು ತೂಕದ ಮೇಲೆ ಲೆಕ್ಕ ಹಾಕಿಸಿಕೊಳ್ಳಿ. ಬೆಳಗಿನ ತಂಪಿನಲ್ಲಿ ಕೆಲವೇ ಗಂಟೆಯಲ್ಲಿ ಕುಡಿದು ಮುಗಿಸುವಷ್ಟು ನೀರಿನಲ್ಲಿ ಕೊಡಿ. ಔಷಧ ನಿಲ್ಲಿಸಿ ಎಷ್ಟು ದಿನದ ಮೇಲೆ ಮಾರಬಹುದು ಎಂದು ವೈದ್ಯರಿಂದ ಬರೆಸಿಕೊಳ್ಳಿ.

ಮಧ್ಯಾಹ್ನದ ಏದುಸಿರಿಗೆ ಮಾತ್ರೆ ಬೇಡ. ಮಾಡಿನ ಮೇಲೆ ತೆಂಗಿನ ಗರಿ ಅಥವಾ ಜೋಳದ ದಂಟು ಹರಡಿ ನೀರು ಚಿಮುಕಿಸಿ, ಪಕ್ಕದ ಪರದೆ ಎತ್ತಿ ಗಾಳಿ ಬಿಡಿ, ಫ್ಯಾನ್ ಹಾಕಿ, ತಣ್ಣೀರು ಇಡಿ, ಹನ್ನೊಂದರಿಂದ ನಾಲ್ಕರವರೆಗೆ ಮೇವು ಎತ್ತಿಬಿಡಿ. ಇಷ್ಟಾದ ಮೇಲೂ ಗರಿ ಉಬ್ಬಿಸಿ ಮೂಲೆ ಸೇರುವ ಮರಿ ಇದ್ದರೆ ಅದನ್ನು ಬೇರೆ ಇಟ್ಟು, ಗುದದ್ವಾರದ ಶಾಖ ಅಳೆದು, ಅಂಕಿ ಬರೆದುಕೊಂಡು ಪಶು ಆಸ್ಪತ್ರೆಗೆ ಫೋನ್ ಮಾಡಿ.